ನೇಮಣ್ಣ ಕಾಕಾನ ರುಮಾಲು

ಊರಿಗೆಲ್ಲ ದೀಪ ಕೊಡುವ ಮನುಷ್ಯ ದೀಪ ಹತ್ತುವ ಮೊದಲೇ ಉಂಡು ಕೈ ತೊಳೆಯುತ್ತಾನೆ! ಬೆಳಗಾವಿಗೆ ಬಂದ ದಿನ ನಾನು ಕಂಡ ಸೋಜಿಗ ಇದು. ನೇಮಣ್ಣ ಕಾಕಾ ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವವರಲ್ಲ. ಕಂಬ ಹತ್ತಿ ವಿದ್ಯುತ್ ತಂತಿ ರಿಪೇರಿ ಮಾಡುವುದು ಅವರ ಕೆಲಸ. ಅವರ ಮನೆಯ ಹಿಂದಿನ ಖೋಲಿಯಲ್ಲೇ ನನಗೆ ಜಾಗ ಸಿಕ್ಕಿತು. ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯದ ನಾನು, ಅದರ ಹೆಸರೇ ಇಲ್ಲದ ಆ ಮನೆಯ ಊಟಕ್ಕೆ ವಾರದಲ್ಲೇ ಒಗ್ಗಿಕೊಂಡೆ. ಕಾಕಾನ ಹೆಂಡತಿ, ಕಾಕು, ಅಷ್ಟು ಪ್ರೀತಿಯಿಂದ ಬಡಿಸುತ್ತಿದ್ದರು.

ನಮ್ಮೂರು ನಂದಗಡದ ನಿಮಗೆಲ್ಲ ಗೊತ್ತೇ ಇದೆ, ನಾನು ಖಾನಾಪುರದ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಂಡಿದ್ದವನು. ಅಲ್ಲಿ ಎಂಜಿನ್ ಕೆಟ್ಟರೆ ಸದ್ದು ಬದಲಾಗುತ್ತಿತ್ತು, ಹೊಗೆ ಬರುತ್ತಿತ್ತು. ಇಲ್ಲಿಯ ತಂತಿ ಹಾಗಲ್ಲ. ವಿದ್ಯುತ್ತು ಹರಿಯುತ್ತಿದ್ದರೂ ಅದೇ ತಂತಿ, ಇಲ್ಲದಿದ್ದರೂ ಅದೇ ತಂತಿ. ಹರಿಯುತ್ತಿದ್ದರೆ ‘ಚಾಲೂ’, ಇಲ್ಲದಿದ್ದರೆ ‘ಬಂದ್’ ಎಂದು ಯಾರಾದರೂ ಹೇಳಬೇಕು. ಹೇಳದೇ ಇದ್ದದ್ದು ಎಷ್ಟಿತ್ತೋ, ಆಗ ನನಗೆ ತಿಳಿಯಲಿಲ್ಲ.

ಊರಿಗೆ ವಿದ್ಯುತ್ತು ಕೊಡುವ ಎಂಜಿನ್ ಮನೆಯಲ್ಲಿ ಕೆಲಸಕ್ಕೆ ಸೇರಿ ಹದಿನೈದು ದಿನವೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಒಳಗೆ ಬಂದೆ, ಯಾರೂ ಇರಲಿಲ್ಲ. ಒಂದು ಸ್ವಿಚ್ಚಿನ ಹಿಡಿಕೆಗೆ ಕಾಕಾ ತಲೆಗೆ ಸುತ್ತುವ ರುಮಾಲು ನೇತುಬಿದ್ದಿತ್ತು, ಅಂಚಿಗೆ ಎಣ್ಣೆಯ ಮಸಿ ಹತ್ತಿತ್ತು. ನನಗೆ ಸಂಕಟವಾಯಿತು. ಹಿರಿಯರ ರುಮಾಲು ಹಾಗೆ ಕಂಡಲ್ಲಿ ಬಿದ್ದಿದ್ದರೆ ನಮ್ಮೂರಲ್ಲಿ ಯಾರಾದರೂ ಸುಮ್ಮನೆ ಹೋಗುತ್ತಾರೆಯೇ? ತೆಗೆದು ಝಾಡಿಸಿ, ಮಡಚಿ, ದೇವರ ಫೋಟೋದ ಕೆಳಗಿನ ಹಲಗೆಯ ಮೇಲೆ ಇಟ್ಟೆ. ಒಳ್ಳೆಯ ಕೆಲಸ ಮಾಡಿದೆನೆಂದು ಬೀಗಿದೆ ಕೂಡ.

ಆ ರುಮಾಲೇ, ಸ್ವಿಚ್ ಹಾಕಬೇಡಿ ಎಂಬ ಅವರ ಗುರುತು. ತಾವು ಕಂಬದ ಮೇಲಿರುವಷ್ಟು ಹೊತ್ತು ಅದು ಹಿಡಿಕೆಯ ಮೇಲಿರಬೇಕು, ಇಳಿದು ಬಂದು ತಾವೇ ತೆಗೆಯಬೇಕು. ಎಂಜಿನ್ ಮನೆಯ ಎಲ್ಲರಿಗೂ ಗೊತ್ತಿದ್ದ ಮಾತು, ಆದ್ದರಿಂದಲೇ ಯಾರೂ ನನಗೆ ಹೇಳಲಿಲ್ಲ. ಊಟ ಮುಗಿಸಿ ಬಂದ, ಸ್ವಿಚ್ ನೋಡಿಕೊಳ್ಳುವ ದತ್ತೂ ಮಿಸ್ತ್ರಿ ಬರಿದಾದ ಹಿಡಿಕೆ ನೋಡಿದ, ಕಾಕಾ ಇಳಿದರೆಂದುಕೊಂಡು ಸ್ವಿಚ್ ಹಾಕಿಬಿಟ್ಟ.

ಕಾಕಾನ ಜೀವ ಉಳಿಯಿತು. ಬಲಗೈಯನ್ನು ಮಣಿಕಟ್ಟಿನಿಂದ ತೆಗೆದರು. ದವಾಖಾನೆಯಲ್ಲಿ ಕಾಲು ಹಿಡಿದು ಎಲ್ಲ ಹೇಳಿಕೊಂಡೆ.

“ನೀ ಮರ್ಯಾದಿ ಮಾಡಾಕ ಹೋದಿ ಬಸಣ್ಣಾ. ನಾ ಒಂದ ಮಾತ ಹೇಳಿದ್ರ ಆಗತಿತ್ತು, ಹೇಳಲಿಲ್ಲ,” ಅಂದರು.

ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಆ ಹಿಡಿಕೆಗೆ ಬೀಗ ಇದೆ. ಕಂಬ ಹತ್ತುವವನು ತಾನೇ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೋಗಬೇಕು. ಹೊಸಬ ಬಂದ ದಿನವೇ ಅವನನ್ನು ಹಿಡಿಕೆಯ ಮುಂದೆ ನಿಲ್ಲಿಸಿ ಇದನ್ನು ಹೇಳುವ ಕೆಲಸ ನನ್ನದು. ಸಾಹೇಬರನ್ನು ಕಾಡಿ ಬೇಡಿ ಮಾಡಿಸಿದ ನಿಯಮ. ಎಲ್ಲರೂ ನನ್ನನ್ನು ಹೊಗಳಿದರು. ಆದರೆ ಆ ಬೀಗ ಒಂದು ಕೈ ಹೋದ ಮೇಲೆ ಬಂತು.

ನನ್ನ ಹೆಂಡತಿ, ಗಿರಣಿಯ ಕೆಲಸ ಇನ್ನೂ ಖಾಲಿ ಇದೆ, ಬಂದುಬಿಡ್ರಿ ಎಂದು ಹೇಳಿ ಕಳಿಸುತ್ತಲೇ ಇದ್ದಾಳೆ. ಹೇಗೆ ಬರಲಿ? ಒಂದೇ ಕೈಯಲ್ಲಿ ರುಮಾಲು ಸುತ್ತಿಕೊಳ್ಳಲು ಕಾಕಾಗೆ ಆಗುವುದಿಲ್ಲ. ಕಾಕುಗೆ ಅದನ್ನು ಸುತ್ತಲು ಬರುವುದಿಲ್ಲ, ದಿನಾ ಬೆಳಗ್ಗೆ ನಾನೇ ಸುತ್ತುತ್ತೇನೆ.

ಮೊನ್ನೆ ತಂಗಿಯ ಮದುವೆಗೆ ಊರಿಗೆ ಬಂದಾಗ ನೀವೆಲ್ಲ ನೋಡಿದಿರಿ. ಸೋದರಮಾವನ ರುಮಾಲು ಜಾರಿ ನನ್ನ ಕಾಲ ಬಳಿಯೇ ಬಿತ್ತು. ನಾನು ಬಗ್ಗಲಿಲ್ಲ. ಬೆಳಗಾವಿ ಗಾಳಿ ಹತ್ತೇತಿ ಇವಗ, ಸೊಕ್ಕು ಬಂದೇತಿ ಎಂದಿರಿ. ಮಾವ ನನ್ನೊಡನೆ ಮಾತಾಡದೆ ಎದ್ದು ಹೋದರು. ಸೊಕ್ಕಲ್ಲರೀ, ಕೈ ಏಳಲಿಲ್ಲ. ಅದನ್ನೇ ಹೇಳಲು ಇಷ್ಟು ಬರೆದೆ.

ಮರುದಿನ ಖಾನಾಪುರದಲ್ಲಿ ರೈಲು ಹತ್ತಿ ಬೆಳಗಾವಿಗೆ ಬಂದೆ. ಕಾಕಾ ಕಟ್ಟೆಯ ಮೇಲೆ ಬರಿದಲೆಯಲ್ಲಿ ಕುಳಿತಿದ್ದರು. ನಾನಿಲ್ಲದ ನಾಲ್ಕು ದಿನ ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲವಂತೆ.

“ಊರಾಗ ಎಲ್ಲಾರೂ ಅರಾಮ ಅದಾರೇನಪಾ?” ಎಂದು ಕೇಳಿದರು.

ಅರಾಮ ಅದಾರ್ರಿ ಅಂದೆ. ಅವರು ತಲೆ ಬಗ್ಗಿಸಿದರು, ನಾನು ರುಮಾಲು ಸುತ್ತತೊಡಗಿದೆ.