ಹಸುವಿನ ಹೆಸರು

ನಮ್ಮ ಹುಲಿಕುಂಟೆಗೆ ಬರುತ್ತಿದ್ದ ಆ ನರ್ಸಮ್ಮನಿಗೆ ಕಾಯಿಲೆಗಳ ಹೆಸರಿನ ಮೇಲೆ ಎಲ್ಲಿಲ್ಲದ ಮಮತೆ. ತೋಳನ್ನು ಹತ್ತಿಯಿಂದ ನಿಧಾನವಾಗಿ ಉಜ್ಜುತ್ತಾ, "ಹೆಸರಿಗೂ ಒಂದು ಹುಟ್ಟೂರು ಐತೆ ಕಣಮ್ಮ" ಎಂದು ಶುರುಮಾಡುವರು. ಮಲೇರಿಯಾ ಎಂದರೆ ಕೆಟ್ಟ ಗಾಳಿ, ಕ್ಯಾನ್ಸರ್ ಎಂದರೆ ಏಡಿ. ಕಥೆ ಮುಗಿಯುವಷ್ಟರಲ್ಲಿ ಸೂಜಿ ಚುಚ್ಚಿ ತೆಗೆದೂ ಆಗಿರುತ್ತಿತ್ತು.

ಕೋವಿಡ್ ಲಸಿಕೆ ಹಾಕುವ ಕಾಲದಲ್ಲಿ ನಮ್ಮಜ್ಜಿ ಮಾತ್ರ ತೋಳು ಚಾಚಲಿಲ್ಲ. ಸೆರಗು ಬಿಗಿಯಾಗಿ ಹೊದ್ದು, ಕೊಟ್ಟಿಗೆಯಲ್ಲಿ ಹಸುವಿನ ಮೈ ತಿಕ್ಕುತ್ತಾ ನಿಂತುಬಿಟ್ಟರು.

"ವ್ಯಾಕ್ಸೀನ್ ಅನ್ನೋ ಹೆಸರು ಹುಟ್ಟಿದ್ದೇ ಹಸುವಿಂದ ಕಣಜ್ಜಿ," ಎಂದರು ನರ್ಸಮ್ಮ. "ಲ್ಯಾಟಿನ್ ಭಾಷೇಲಿ ವಾಕ್ಕ ಅಂದ್ರೆ ಹಸು. ಸಿಡುಬಿಗೆ ಮೊದಲು ಮದ್ದು ಸಿಕ್ಕಿದ್ದು ಒಂದು ಹಸುವಿನ ಕೆಚ್ಚಲ ಹುಣ್ಣಿಂದ."

ಅಜ್ಜಿಯ ಕೈ ನಿಂತಿತು. "ಆ ಹಸೂಗೆ ಏನಂತ ಹೆಸರಿಕ್ಕಿದ್ರು?"

ಅಷ್ಟೆಲ್ಲ ಹೆಸರು ಬಲ್ಲ ನರ್ಸಮ್ಮ ತಬ್ಬಿಬ್ಬಾಗಿ, "ಗೊತ್ತಿಲ್ಲ ಕಣಜ್ಜಿ" ಎಂದರು.

"ತಿಳ್ಕೊಂಡು ಬಾ. ಆಮ್ಯಾಕೆ ಚುಚ್ಚೀಯಂತೆ."

ಮುಂದಿನ ವಾರ ಅವರು ಸ್ಕೂಟರ್ ನಿಲ್ಲಿಸುವ ಮೊದಲೇ ಕೂಗಿದರು: "ಬ್ಲಾಸಮ್ ಅಂತೆ ಅಜ್ಜೀ! ಅಂದ್ರೆ ಹೂವು!"

ಅಜ್ಜಿ ಸೆರಗು ಸರಿಸಿ ನರ್ಸಮ್ಮನಿಗೆ ತೋಳು ಚಾಚಿದರು. ಆಮೇಲೆ ತಮ್ಮ ಹಸುವಿನತ್ತ ತಿರುಗಿ, "ಕೇಳುಸ್ತೇನೇ ಮಲ್ಲಿಗೆ? ನಿಮ್ಮೋಳಂತೆ ಕಣೇ!" ಎಂದರು.