ಕೆರೆಕೋಡಮ್ಮನ ಡಾಟ್ ಇನ್

ಚನ್ನರಾಯಪಟ್ಟಣದ ಸುತ್ತಮುತ್ತ ಸಿದ್ದೇಶ ಬೋರ್ಡು ಬರೆಯದ ಅಂಗಡಿ ಕಡಿಮೆ. ಇಪ್ಪತ್ತು ವರ್ಷ ಬ್ರಷ್ಷು ಹಿಡಿದು ಹೋಟೆಲು, ಕಟಿಂಗ್ ಶಾಪು, ಲಾರಿಯ ಹಿಂಭಾಗ, ಎಲ್ಲಕ್ಕೂ ಹೆಸರು ಬರೆದವನು. ಫ್ಲೆಕ್ಸ್ ಬಂದು ಹೊಟ್ಟೆಯ ಮೇಲೆ ಹೊಡೆದಾಗ ಅವನೇನೂ ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ಅದೇ ಅಂಗಡಿಗೆ ಕಂಪ್ಯೂಟರ್ ತಂದು ಜನರ ವ್ಯಾಪಾರಕ್ಕೆ ಇಂಟರ್ನೆಟ್ಟಿನ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ಮಾಡಿಸಿಕೊಡಲು ಕೂತ. "ಗ್ವಾಡೆ ಮ್ಯಾಲಿನ ಬೋರ್ಡು ಊರಿಗೆ ಕಾಣ್ತದೆ, ಇದು ಲೋಕಕ್ಕೇ ಕಾಣ್ತದೆ" ಎನ್ನುವುದು ಅವನ ವ್ಯಾಪಾರದ ಮಾತು.

ಬೋರ್ಡಿನ ಕಾಲದ ಒಂದು ಅಭ್ಯಾಸ ಮಾತ್ರ ಅವನನ್ನು ಬಿಡಲಿಲ್ಲ. ಬೋರ್ಡಿನ ನೆತ್ತಿಯ ಮೇಲೆ ಗಿರಾಕಿಯ ಮನೆದೇವರ ಹೆಸರು ಬರೆಯದೆ ಅವನು ಅಂಗಡಿಯ ಹೆಸರಿಗೆ ಬ್ರಷ್ಷು ಅದ್ದಿದವನಲ್ಲ. ಆರು ವರ್ಷದ ಹಿಂದೆ ನುಗ್ಗೇಹಳ್ಳಿಯ ಬೆಟ್ಟಮ್ಮ ತನ್ನ ತೆಂಗಿನ ಸಸಿಗಳ ನರ್ಸರಿಗೆ ಹೆಸರು ಮಾಡಿಸಲು ಬಂದಾಗಲೂ ಅದೇ ಆಯಿತು. ಫಾರಂನಲ್ಲಿ 'ಮಾಲೀಕರು' ಎಂಬ ಖಾನೆ ಬಂತು.

"ಯಾರ ಎಸ್ರು ಆಕ್ಲಿ ಬೆಟ್ಟಮ್ಮಕ್ಕ?"

"ನನ್ನೆಸ್ರು ಯಾತಕ್ಕೆ ಬುಡಪ್ಪ. ಎಲ್ಲಾ ಅಮ್ಮನ್ದೇ. ಕೆರೆಕೋಡಮ್ಮ ಅಂತ್ಲೇ ಬರಿ."

ಸಿದ್ದೇಶನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಬರೆದ. ಖಾನೆ ಖಾಲಿ ಬಿಡಬಾರದೆಂದು ದೇವಿಗೊಂದು ಇಮೇಲ್ ವಿಳಾಸವನ್ನೂ ಮಾಡಿ, ಫೋನಿನ ಖಾನೆಗೆ ತನ್ನ ನಂಬರು ಹಾಕಿದ. 'ಕೋಡಿತೆಂಗು ಡಾಟ್ ಇನ್' ಸಿಕ್ಕಿತು. ಹುಣಸೆಮರದ ಕೆಳಗೆ ಕೂತಿದ್ದ ನುಗ್ಗೇಹಳ್ಳಿಯ ದೇವತೆ ದೆಹಲಿಯ ಪಟ್ಟಿಯಲ್ಲಿ ತೆಂಗಿನ ವ್ಯಾಪಾರದ ಹೆಂಗಸಾದಳು.

ಈ ಜೂನಿನಲ್ಲಿ ಒಂದು ಮಧ್ಯಾಹ್ನ ಫೋನು ಬಂತು. ಹೆಸರು ಮಾರುವ ಬೆಂಗಳೂರಿನ ಕಂಪನಿಯಿಂದ ತೇಜಶ್ರೀ ಎಂಬ ಹುಡುಗಿ.

"ಕೆರೆಕೋಡಮ್ಮ ಅವರ ಹತ್ತಿರ ಮಾತಾಡಬಹುದಾ ಸರ್?"

"ಅವ್ರು ಫೋನಿಗೆ ಬರಾಕಿಲ್ಲ ಮೇಡಂ" ಎಂದ ಸಿದ್ದೇಶ, ನಗು ತಡೆದುಕೊಂಡು.

"ಅವರ ಗುರುತಿನ ಚೀಟಿ ಬೇಕು ಅಂತ ಹದಿನೈದು ದಿನದಿಂದ ಮೇಲ್ ಕಳಿಸ್ತಾ ಇದ್ದೀವಿ. ಇವತ್ತು ಸಾಯಂಕಾಲ ಐದರೊಳಗೆ ಬರದಿದ್ದರೆ ಹೆಸರು ನಿಂತುಹೋಗುತ್ತೆ ಸರ್."

ನಗು ಇಳಿದುಹೋಯಿತು. ದೇವಿಯ ಮೇಲನ್ನು ಅವನು ತೆರೆದು ನೋಡಿಯೇ ವರ್ಷಗಳಾಗಿದ್ದವು. ನಿಯಮ ಅವನಿಗೆ ಗೊತ್ತಿಲ್ಲದ್ದಲ್ಲ. ಒಂದೊಂದು ದೇಶಕ್ಕೂ ಎರಡೆರಡು ಅಕ್ಷರ, 'ಇನ್' ನಮ್ಮದು. ಅದರ ಕೆಳಗಿನ ಹೆಸರುಗಳ ಪಟ್ಟಿ ಇಟ್ಟುಕೊಂಡಿರುವ ದೆಹಲಿಯ ರಿಜಿಸ್ಟ್ರಿ, ಹೆಸರಿನ ಹಿಂದೆ ನಿಜವಾದ ಮನುಷ್ಯನೋ ಸಂಸ್ಥೆಯೋ ಇರಬೇಕು ಎನ್ನುತ್ತದೆ. ಮೋಸಗಾರರನ್ನು ಹಿಡಿಯಲು ಮಾಡಿದ ನಿಯಮಕ್ಕೆ ಕೆರೆಕೋಡಮ್ಮ ಸಿಕ್ಕಿಬಿದ್ದಿದ್ದಳು. ಮಳೆ ಹಿಡಿದು ಸಸಿ ನೆಡುವ ಹಂಗಾಮು ಬೇರೆ. ಮಲ್ಲಿಪಟ್ಟಣದವರು ನಾನೂರು ಸಸಿಗೆ ಆರ್ಡರ್ ಕೊಟ್ಟದ್ದೂ ಆ ಹೆಸರು ನೋಡಿಯೇ, ಪ್ರತಿ ಸಸಿಯ ಕತ್ತಿನ ಚೀಟಿಯಲ್ಲಿದ್ದದ್ದೂ ಅದೇ ಹೆಸರು. ಅದು ನಿಂತರೆ ಬೆಟ್ಟಮ್ಮನ ಆರು ವರ್ಷದ ಬೆವರು ನೀರುಪಾಲು.

"ಮೇಡಂ, ಅವ್ರು ದೇವ್ರು" ಎಂದುಬಿಟ್ಟ.

"ಯಾರು ಸರ್?"

"ದೇವ್ರು ಮೇಡಂ. ಗ್ರಾಮದೇವ್ತೆ."

ಆ ಕಡೆ ಕೀಲಿಮಣೆಯ ಟಕಟಕ ಕೇಳಿತು. ಆಮೇಲೆ ತೇಜಶ್ರೀ ದೇವಸ್ಥಾನದ ಟ್ರಸ್ಟಿನ ಕಾಗದವಿದೆಯೇ ಎಂದು ಕೇಳಿದಳು. ಇದ್ದದ್ದು ಒಂದು ಗುಡಿ, ಒಂದು ಮರ. ಒಳ್ಳೆಯ ಹುಡುಗಿ, ಬೈಯಲಿಲ್ಲ. "ಹಾಗಾದರೆ ಮಾಲೀಕರನ್ನ ಬದಲಾಯಿಸಿ ಸರ್. ಹಳೇ ಮಾಲೀಕರ ಮೇಲ್‌ಗೆ ಒಪ್ಪಿಗೆ ಕೇಳಿ ಕಳಿಸ್ತೀನಿ. ಅವರು ಒಪ್ಪಲಿ, ಹೊಸಬರ ಆಧಾರ್ ಕಳಿಸಿ. ಐದರೊಳಗೆ."

ಸಿದ್ದೇಶ ಸ್ಕೂಟರ್ ಹತ್ತಿದ. ನುಗ್ಗೇಹಳ್ಳಿ ಮುಟ್ಟುವಾಗ ಮೂರೂವರೆ. ಬೆಟ್ಟಮ್ಮ ಸಸಿಗಳ ಬುಡಕ್ಕೆ ಮಣ್ಣು ತುಂಬುತ್ತಿದ್ದಳು. ಸಿದ್ದೇಶ ನಡೆದದ್ದೆಲ್ಲ ಹೇಳಿದ.

"ಅಮ್ಮನ್ ಮೇಲ್ ನನ್ ಫೋನಲ್ಲೇ ಐತೆ ಕಣಕ್ಕ. ಒಪ್ಗೆ ಅಂತ ಒತ್ಬುಡ್ತೀನಿ. ನಿನ್ ಆಧಾರ್ ಕೊಡು."

"ಅಮ್ಮನ್ ಬದ್ಲು ಒಪ್ಕಳಾಕೆ ನೀನ್ಯಾರ್ಲಾ?" ಬೆಟ್ಟಮ್ಮ ಕೈಯ ಮಣ್ಣು ಕೊಡವಿದಳು. "ಅವಳ್ದು ಅಂತ ಕೊಟ್ಟಿದ್ದು. ನಡಿ, ಹೂ ಕೇಳಾಣ."

ಸಿದ್ದೇಶ ಬೇಡವೆನ್ನಲಿಲ್ಲ. ಕದ್ದು ಒತ್ತಬಹುದಿತ್ತು, ಆದರೆ ಅಷ್ಟು ದೇವರ ಹೆಸರು ಬರೆದ ಕೈ ಅದಕ್ಕೆ ಏಳಲಿಲ್ಲ. ಪೂಜಾರಿ ಗಂಗಯ್ಯ ಹೊಲದಲ್ಲಿದ್ದವನು ಕೆಸರುಗಾಲಲ್ಲೇ ಓಡಿಬಂದು, ಕಾಲು ತೊಳೆದು, ದೇವಿಗೆ ಹೂ ಮುಡಿಸಿದ. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಆಗಲೇ ನಾಲ್ಕೂಕಾಲು.

"ತಪ್ಪು ಮಾಡ್ದೋನು ನೀನು, ನೀನೇ ಕೇಳು" ಎಂದ ಗಂಗಯ್ಯ.

ಸಿದ್ದೇಶ ಕೈಮುಗಿದ. "ತಾಯೀ, ದಿಲ್ಲಿಯವ್ರು ನಿನ್ ಗುರುತಿನ್ ಚೀಟಿ ಕೇಳ್ತಾವ್ರೆ. ನಿನ್ನೆಸ್ರು ತೆಗೆದು ಬೆಟ್ಟಮ್ಮಕ್ಕನ ಎಸ್ರು ಆಕ್ತೀವಿ. ಬಲಗಡೆ ಕೊಡು."

ತಟ್ಟನೆ ಎಡಗಡೆಯ ಹೂ ಬಿತ್ತು.

ಸಿದ್ದೇಶ ಫೋನಿನಲ್ಲಿ ಗಂಟೆ ನೋಡಿದ. ನಾಲ್ಕೂವರೆ. ಗಂಗಯ್ಯ ಅವನನ್ನು ಪಕ್ಕಕ್ಕೆ ಸರಿಸಿ, "ಬ್ಯಾರೆಯೋರು ಕೇಳುದ್ರೆ ಕೊಡ್ತಾಳಾ? ಬೇಕಾದೋರು ಕೇಳ್ಬೇಕು" ಎಂದು ಬೆಟ್ಟಮ್ಮನ ಕಡೆ ನೋಡಿದ.

ಬೆಟ್ಟಮ್ಮ ಮುಂದೆ ಬಂದಳು. ಸೆರಗು ಹೊದ್ದಳು. ಮೆಲ್ಲಗೆ, ಮನೆಯವರೊಡನೆ ಮಾತಾಡುವ ದನಿಯಲ್ಲಿ ಹೇಳಿದಳು:

"ಅಮ್ಮ, ಮನೆ ಮಾವನ ಎಸ್ರಲ್ಲೈತೆ. ಜಮೀನು ಯಜಮಾನ್ರೆಸ್ರಲ್ಲೈತೆ. ಕರೆಂಟ್ ಬಿಲ್ಲು ಸತ್ತೋದ ಭಾವನ ಎಸ್ರಿಗೇ ಬತ್ತದೆ. ಅವತ್ತು ಬ್ಯಾಡ ಅಂದೆ, ಬ್ಯಾಡ ಅಂತಲ್ಲ, ನಾಚ್ಕೆ ಆಯ್ತು. ಇದೊಂದಾದ್ರೂ ನನ್ನೆಸ್ರಲ್ಲಿರ್ಲಿ ಅಂತ ಆಸೆ ಐತೆ. ಕೊಡ್ತೀಯಾ?"

ಸಿದ್ದೇಶ ಆರು ವರ್ಷದ ಹಿಂದೆ ಇನ್ನೊಂದು ಸಲ ಕೇಳಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡ. ನಾಲ್ಕೂ ನಲವತ್ತು. ನಾಲ್ಕೂ ನಲವತ್ತೈದು. ಬಲಗಡೆಯ ಸೇವಂತಿಗೆ ಅಲುಗಿತು, ಜಾರಿತು, ಬೆಟ್ಟಮ್ಮ ಚಾಚಿದ ಸೆರಗಿಗೇ ಬಂದು ಬಿತ್ತು.

"ಒತ್ತಲಾ!" ಎಂದು ಕೂಗಿದಳು ಬೆಟ್ಟಮ್ಮ.

ಸಿದ್ದೇಶ ಒತ್ತಿದ. ಬೆಟ್ಟಮ್ಮ ಕೊಟ್ಟ ಆಧಾರಿನ ಫೋಟೋ ತೆಗೆದ. ಗುಡಿಯೊಳಗೆ ಸಿಗ್ನಲ್ ಸಿಗದೆ ಹುಣಸೆಮರದ ಕಟ್ಟೆ ಹತ್ತಿ ಫೋನನ್ನು ಎತ್ತಿ ಹಿಡಿದ ಮೇಲೆ ಎರಡೂ ಹೋದವು. ಐದಕ್ಕೆ ನಾಲ್ಕು ನಿಮಿಷವಿರುವಾಗ ತೇಜಶ್ರೀ ಫೋನು ಮಾಡಿದಳು: "ಆಯ್ತು ಸರ್. ಕೆರೆಕೋಡಮ್ಮ ಅವರಿಗೆ ನನ್ನ ನಮಸ್ಕಾರ ಹೇಳಿ."

ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನೂ ಹನ್ನೊಂದು ದೇವರುಗಳು ಮಾಲೀಕರಾಗಿ ಕೂತಿರುವುದು ಸಿದ್ದೇಶನಿಗೆ ನೆನಪಾದದ್ದು ಆಗ. ಹಾಸನ, ಹೊಳೆನರಸೀಪುರ, ಅರಕಲಗೂಡು ಎಂದು ಇನ್ನೆಷ್ಟು ಗುಡಿಗಳಲ್ಲಿ ಹೂ ಕೇಳಬೇಕೋ! ತಲೆ ಕೆರೆದುಕೊಳ್ಳುತ್ತ ಕಟ್ಟೆಯಿಂದ ಇಳಿದ. ಬೆಟ್ಟಮ್ಮ ಫೋನಿನತ್ತ ಬಗ್ಗಿದಳು.

"ಏನಂತ ಬಂದೈತೆ, ಓದು."

"ಕೋಡಿತೆಂಗು ಡಾಟ್ ಇನ್. ಮಾಲೀಕರು, ಬೆಟ್ಟಮ್ಮ."

ಅವಳು ಸೆರಗಿನ ಹೂವನ್ನು ತುರುಬಿಗೆ ಸಿಕ್ಕಿಸಿಕೊಂಡಳು.

"ಇನ್ನೊಂದ್ಸಲ ಓದು. ಒಸಿ ಜೋರಾಗಿ."