ಮಂದ ಎಳೆ

ಕೋಳಿಯ ತೊಡೆ ನೋಡಿ ಮನುಷ್ಯರ ಭವಿಷ್ಯ ಹೇಳಲು ಹೋದವನು ನಾನು. ಕಣಿ ಹೇಳುವವರು ಕೊನೇಪಕ್ಷ ಮನುಷ್ಯರ ಕೈಯನ್ನಾದರೂ ನೋಡುತ್ತಾರೆ. ನನಗೆ ಅಷ್ಟೂ ಬೇಕಾಗಲಿಲ್ಲ. ಮಧುಗಿರಿಯ ನಮ್ಮ ಮನೆಯಲ್ಲಿ ಒಂದು ಭಾನುವಾರ ನಾಟಿಕೋಳಿ ಸಾರಿಗೆ ಕೂತಿದ್ದಾಗ, ತೊಡೆಯ ತುಂಡು ಕಪ್ಪಗೆ, ಎದೆಯ ತುಂಡು ಬೆಳ್ಳಗೆ ಇರುವುದನ್ನು ಕಂಡು, ಮುದ್ದೆ ಮುರಿಯುವುದನ್ನು ಬಿಟ್ಟು ಹೆಂಡತಿಗೆ ಪಾಠ ಶುರುಮಾಡಿದೆ. “ಮೊದ್ಲು ಉಣ್ರೀ, ಆರೋಗ್ತೈತೆ” ಎಂದಳು ಆಕೆ. ಪಾಠ ಅಲ್ಲಿಗೇ ನಿಂತಿದ್ದರೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ವಿಷಯ ಇಷ್ಟೆ. ಸ್ನಾಯುವೆಂದರೆ ನೂಲಿನ ಲಡಿಯ ಹಾಗೆ ಎಳೆಗಳ ಕಟ್ಟು. ಕೆಲವು ಎಳೆಗಳು ಬೇಗ ಸೆಳೆದುಕೊಂಡು ಬೇಗ ದಣಿಯುತ್ತವೆ. ಕೆಲವು ನಿಧಾನ, ಆದರೆ ಅವಕ್ಕೆ ರಕ್ತದ ಪೂರೈಕೆ ಹೆಚ್ಚು, ಆಮ್ಲಜನಕ ಹಿಡಿದಿಟ್ಟುಕೊಳ್ಳುವ ಕೆಂಪು ಬಣ್ಣವೂ ಹೆಚ್ಚು, ಹಾಗಾಗಿ ಬಹಳ ಹೊತ್ತು ದುಡಿಯುತ್ತವೆ. ದಿನವಿಡೀ ತಿಪ್ಪೆ ಕೆದಕುವ ಕೋಳಿಯ ಕಾಲಲ್ಲಿ ಈ ನಿಧಾನದವು ಜಾಸ್ತಿ. ನಾಯಿ ಅಟ್ಟಿಸಿಕೊಂಡು ಬಂದಾಗ ಒಂದೇ ನೆಗೆತಕ್ಕೆ ಗೋಡೆ ಹತ್ತಿಸುವ ಎದೆಯಲ್ಲಿ ಬೇಗದವು. ಮನುಷ್ಯರಲ್ಲೂ ನೂರು ಮೀಟರ್ ಓಡುವವರಿಗೆ ಗೋಡೆ ಹಾರುವ ಎಳೆ ಬೇಕು, ದೂರ ಓಡುವವರಿಗೆ ತಿಪ್ಪೆ ಕೆದಕುವ ಎಳೆ.

ದೊಡ್ಡೇರಿ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಸೋಮವಾರ ಒಂಬತ್ತನೇ ತರಗತಿಯಲ್ಲಿ ಇದನ್ನೇ ಹೇಳಿದೆ. ತಿಪ್ಪೆ, ಗೋಡೆ ಎಂದೇ ಹೇಳಿದ್ದರೆ ಬಚಾವಾಗುತ್ತಿದ್ದೆ. ಆದರೆ ಬೋರ್ಡಿನ ಮುಂದೆ ನಿಂತರೆ ನನಗೆ ಸಂಸ್ಕೃತ ಉಕ್ಕಿ ಬರುತ್ತದೆ. ‘ಶೀಘ್ರಗತಿಯ ಎಳೆ’, ‘ಮಂದಗತಿಯ ಎಳೆ’ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಅದೂ ಸಾಲದೆ ಉದಾಹರಣೆ ಕೊಡುವ ಚಪಲ. ಓಟದಲ್ಲಿ ಸದಾ ಮೊದಲು ಬರುವ ತಿಪ್ಪೇಶನನ್ನು ಎಬ್ಬಿಸಿ “ಇವನದು ಶೀಘ್ರ” ಎಂದೆ. ಸದಾ ಕೊನೆಗೆ ಬರುವ ನಾಗವೇಣಿಯನ್ನು ಎಬ್ಬಿಸಿ “ಇವಳದು ಮಂದ” ಎಂದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ಹೆಸರು ‘ಮಂದಾಕಿನಿ’ ಆಗಿತ್ತು. ಮಂದಾಕಿನಿಯೆಂದರೆ ದೇವಲೋಕದಲ್ಲಿ ನಿಧಾನವಾಗಿ ಹರಿಯುವ ಗಂಗೆ, ಬಹಳ ಗೌರವದ ಹೆಸರು ಎಂದು ತರಗತಿಗೆ ಹೋಗಿ ವಿವರಿಸಿದೆ. ಮಕ್ಕಳು ಇನ್ನೂ ಜೋರಾಗಿ ನಕ್ಕರು. ಬೆಂಕಿ ಆರಿಸಲು ಹೋಗಿ ಸೀಮೆಎಣ್ಣೆ ಸುರಿದವನ ಪಾಡು ನನ್ನದಾಯಿತು.

ನಾಗವೇಣಿ ಮಂಗಳವಾರದಿಂದ ಓಟದ ಅಭ್ಯಾಸಕ್ಕೆ ಬರಲಿಲ್ಲ. ಎಂಟನೇ ತರಗತಿಯಿಂದ ಒಂದು ದಿನವೂ ತಪ್ಪಿಸದೆ ಬೆಳಗ್ಗೆ ಮೈದಾನಕ್ಕೆ ಬರುತ್ತಿದ್ದ ಹುಡುಗಿ. ನೂರು ಮೀಟರಿನಲ್ಲಿ ಪ್ರತಿ ಸಲ ಕೊನೆ, ಪ್ರತಿ ಸಲ ಮಾರನೆಯ ದಿನ ಹಾಜರ್. ಒಮ್ಮೆಯಾದರೂ ಶಾಲೆಯ ಹೆಸರಿನ ಬನಿಯನ್ ತೊಟ್ಟು ಓಡಬೇಕೆಂಬುದು ಅವಳ ಆಸೆ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಶನಿವಾರ ಹೆಸರು ಕಳಿಸಬೇಕಿತ್ತು. ಕರೆದು ಕೇಳಿದರೆ, “ಒಳಗಿನ ಎಳೇನೇ ಮಂದ ಅಂದ್ಮೇಲೆ ಓಡಿ ಏನ್ ಪ್ರಯೋಜ್ನ ಸಾ?” ಎಂದಳು. ಎರಡು ವರ್ಷದ ಸೋಲು ಮಾಡದ ಕೆಲಸವನ್ನು ನನ್ನ ಒಂದು ಪದ ಮಾಡಿತ್ತು. ನಾಚಿಕೆಯಾಯಿತು.

ಶುಕ್ರವಾರ ಸಂಜೆ ಅವಳ ಮನೆಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಪಾವಗಡದ ಗಡಿಯಿಂದ ಈ ಊರಿಗೆ ಸೊಸೆಯಾಗಿ ಬಂದವರು. ಮುದುಕಿಯಾದರೂ ನಾಲಿಗೆಯ ಮೇಲಿನ ತೆಲುಗು ಹೋಗಿಲ್ಲ. “ಕೂಚೋಂಡಿ ಮೇಷ್ಟ್ರೇ” ಎಂದು ಚಾಪೆ ಹಾಸಿ, “ನಮ್ಮುಡ್ಗೀನ ಮಂದ ಅಂದ್ರಂತಲ್ಲ?” ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

“ಸರಿಯಾಗೇ ಅಂದಿದೀರಾ ಬುಡಿ. ನಾನೂ ಇವ್ಳಿಗೆ ಅದ್ನೇ ಬಡ್ಕೊಂಡೆ. ಮೊಸ್ರು ಮಂದಾಗಿರ್ಬೇಕು, ಕಂಬ್ಳಿ ಮಂದಾಗಿರ್ಬೇಕು. ತೆಳ್ಳಗಿರೋದು ಯಾವ್ದು ಬಾಳ್ಕೆ ಬತ್ತೈತೆ? ಮೇಷ್ಟ್ರು ಹೊಗಳವ್ರೆ ಕಣಮ್ಮಿ ಅಂದ್ರೆ, ಮೂರ್ ದಿನದಿಂದ ಅಳ್ತಾ ಕುಂತವ್ಳೆ.”

ಈ ಸೀಮೆಯಲ್ಲಿ ಮಂದವೆಂದರೆ ದಪ್ಪ, ಗಟ್ಟಿ. ನಾನೂ ಮನೆಯಲ್ಲಿ “ಮೊಸರು ಮಂದವಾಗಿದೆ” ಎಂದು ಎರಡನೇ ಸಲ ಹಾಕಿಸಿಕೊಳ್ಳುವವನೇ. ಬೋರ್ಡಿನ ಮುಂದೆ ಮಾತ್ರ ಅದು ಮರೆತುಹೋಗುತ್ತದೆ. ನಿಜ ಹೇಳಬೇಕೆಂದರೆ, ಮಂದಗತಿಯ ಎಳೆಗಳು ಸಾಮಾನ್ಯವಾಗಿ ಶೀಘ್ರದವುಗಳಿಗಿಂತ ತೆಳ್ಳಗೇ ಇರುತ್ತವೆ. ತಿದ್ದುವ ಮಾತು ತುದಿನಾಲಿಗೆಗೆ ಬಂದಿತ್ತು. ಮೇಷ್ಟ್ರಾದ ಮೇಲೆ ಮೊದಲ ಬಾರಿಗೆ ನುಂಗಿಕೊಂಡೆ.

ಬಾಗಿಲ ಹಿಂದೆ ನಿಂತಿದ್ದ ನಾಗವೇಣಿಗೆ ಮಾತ್ರ ಉಳಿದ ನಿಜವನ್ನೆಲ್ಲ ಹೇಳಿದೆ. ಎಳೆ ಯಾವುದೆಂದು ತಿಳಿಯಲು ಸ್ನಾಯುವಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಾನು ಬೋರ್ಡಿನ ಮುಂದೆ ನಿಂತು ಹೇಳಿದ್ದು ಬರೀ ಬಾಯಿಚಪಲ. ಎಲ್ಲರಲ್ಲೂ ಎರಡೂ ಇರುತ್ತವೆ, ಅಭ್ಯಾಸದಿಂದ ಎರಡೂ ಪಳಗುತ್ತವೆ. “ಮೂರು ಸಾವಿರ ಮೀಟರಿಗೆ ನಮ್ಮ ಶಾಲೆಯಿಂದ ಯಾರೂ ಹೆಸರು ಕೊಟ್ಟಿಲ್ಲ. ಓಡಿ ನೋಡ್ತೀಯಾ? ಏನಾಗುತ್ತೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ” ಎಂದೆ. ಅವಳು ಅಜ್ಜಿಯ ಮುಖ ನೋಡಿದಳು. “ಹೂಂ ಅನ್ನೇ” ಎಂದರು ಅಜ್ಜಿ.

ಕ್ರೀಡಾಕೂಟದ ಮೈದಾನದಲ್ಲಿ ಸುಣ್ಣದ ಗೆರೆ ಎಳೆದ ಸುತ್ತು ಇನ್ನೂರು ಮೀಟರಿನದು, ಅಂದರೆ ಹದಿನೈದು ಸುತ್ತು. ಬನಿಯನ್ ಅವಳ ಮೊಣಕಾಲು ಮುಟ್ಟುತ್ತಿತ್ತು. ಸೀಟಿ ಊದಿದ್ದೇ ಉಳಿದ ಹುಡುಗಿಯರು ಹಾರಿಹೋದರು, ಇವಳು ವಾಡಿಕೆಯಂತೆ ಕೊನೆ. ಐದನೇ ಸುತ್ತಿಗೆ ಒಬ್ಬಳು ಪಕ್ಕೆ ಹಿಡಿದುಕೊಂಡು ಕೂತಳು, ಎಂಟಕ್ಕೆ ಇಬ್ಬರು ನಡೆಯತೊಡಗಿದರು. ನಾಗವೇಣಿ ಹೊರಟಾಗ ಹೇಗಿದ್ದಳೋ ಹಾಗೇ, ಅದೇ ಹೆಜ್ಜೆ, ಅದೇ ಉಸಿರು. ನಾನು ಗೆರೆಯ ಪಕ್ಕ ನಿಂತು ಸುತ್ತು ಎಣಿಸಿ ಕೂಗಿ ಹೇಳುತ್ತಿದ್ದೆ. ಅವಳು ಮೂರನೆಯವಳನ್ನು ಹಿಂದೆ ಹಾಕಿದಾಗ ಕಣ್ಣು ಮಂಜಾಗಿ ಎಣಿಕೆ ತಪ್ಪಿತು.

ಎರಡನೆಯವಳಾಗಿ ಗೆರೆ ದಾಟಿದಳು. ಮೊದಲ ಇಬ್ಬರು ತಾಲ್ಲೂಕು ಮಟ್ಟಕ್ಕೆ ಹೋಗುತ್ತಾರೆ. ಆದರೆ ನನ್ನ ಲೆಕ್ಕದಲ್ಲಿ ಅದು ಹದಿನಾಲ್ಕು! “ಇನ್ನೊಂದು ಸುತ್ತು, ಇನ್ನೊಂದು ಸುತ್ತು!” ಎಂದು ಅರಚಿದೆ. ಅವಳು ನಿಲ್ಲದೆ ಓಡಿದಳು. ತೀರ್ಪುಗಾರರು ನಗುತ್ತಾ ಬಂದು ನನ್ನ ಭುಜ ತಟ್ಟಿ ಲೆಕ್ಕ ತೋರಿಸುವಷ್ಟರಲ್ಲಿ ಅವಳು ಆಚೆ ತಿರುವಿನಲ್ಲಿದ್ದಳು.

ಅವಳು ಬಂದಾಗ, “ತಪ್ಪಾಯ್ತು ಕಣಮ್ಮ, ಸುತ್ತು ತಪ್ಪು ಎಣಿಸಿಬಿಟ್ಟೆ” ಎಂದೆ.

“ಗೊತ್ತಿತ್ತು ಸಾ,” ಎಂದಳು ನಾಗವೇಣಿ, “ನಾನೂ ಎಣಿಸ್ತಿದ್ದೆ. ಓಡಾಕ್ ಚೆನ್ನಾಗಿತ್ತು, ಅದಕ್ಕೇ ಓಡ್ಬುಟ್ಟೆ.”